ಕತ್ತರಿಯಕ್ಕ ಕತ್ತರಿಸದ ಕರೆ

ಹೆಡ್‌ಫೋನಿನ ಸ್ಪಂಜು ಮತ್ತೆ ಹರಿದಿದೆ, ಎಡಗಿವಿಗೆ ಚುಚ್ಚುತ್ತದೆ, ಸ್ಟೋರಿನವನಿಗೆ ಹೇಳಿ ಹೇಳಿ ನಾಲಗೆ ಸವೆಯಿತು, ಇವತ್ತು ಕೊಡ್ತೀನಿ ನಾಳೆ ಕೊಡ್ತೀನಿ, ಇರಲಿ ಬಿಡು, ಈಗ ಸ್ಪಂಜಿನ ಚಿಂತೆಯಲ್ಲ, ಮೇಲೆ ಹೋದ ತಕ್ಷಣ ಹಾರನ್ ಮಾಮ ಏನು ಕೇಳಿದ — ಅದೇ ಅವಳ ತಲೆಯಲ್ಲಿ ಗಿರಗಿರ ತಿರುಗುತ್ತಿದೆ, ಏನು ಕೇಳಿರಬಹುದು, ಥೂ, ಇಪ್ಪತ್ತಾರು ವರ್ಷ ಅಗ್ನಿಶಾಮಕ ದಳದ ಕಂಟ್ರೋಲ್ ರೂಮಿನಲ್ಲಿ ಕೂತು ಊರಿನ ಬೆಂಕಿಯನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡವಳು ಒಂದು ಚೋಟುದ್ದದ ಹುಡುಗಿಯ ಅರ್ಧ ಜೋಕಿಗೆ ಹೀಗೆ ಸಿಕ್ಕಿಬೀಳುವುದೇ. ಮೊದಲ ಕರೆ ಒಂಬತ್ತೂ ಹತ್ತಕ್ಕೆ, ಹಲೋ ಬೆಂಕಿ ಆರಿಸೋರಾ, ಹಾರನ್ ಮಾಮಂಗೆ ತುಂಬಾ ಇಷ್ಟದ ತಿಂಡಿ ಯಾವ್ದು ಹೇಳಿ, ಟೋಸ್ಟ್! — ಕಿಸಕಿಸ, ಕಟ್. ಎರಡನೆಯದು ಒಂಬತ್ತೂವರೆಗೆ, ಅದೇ ನಂಬರು, ಅದೇ ದನಿ, ಮೇಲೆ ಹೋದ ತಕ್ಷಣ ಹಾರನ್ ಮಾಮ ಏನ್ ಕೇಳಿದ್ರು ಗೊತ್ತಾ — ಅಷ್ಟಕ್ಕೇ ಕಟ್, ಉತ್ತರ ಬರುವ ಮೊದಲೇ ಬೆರಳು ಗುಂಡಿ ಒತ್ತಿ ಆಗಿತ್ತು, ಮೂರು ಸೆಕೆಂಡು, ಕೀಟಲೆ ಕರೆಗೆ ಅವಳು ಕೊಡುವುದು ಯಾವತ್ತೂ ಮೂರೇ ಸೆಕೆಂಡು, ಅದಕ್ಕೇ ಇಲಾಖೆಯಲ್ಲೆಲ್ಲ ಅವಳು ಕತ್ತರಿಯಕ್ಕ, ನಿವೃತ್ತರಾದ ದೊಡ್ಡ ಸಾಹೇಬರು ಹೊಸಬರಿಗೆ ತೋರಿಸುತ್ತಿದ್ದರು, ನೋಡ್ರಯ್ಯ, ನಗು ಕೇಳಿಸಿದ್ರೆ ಸಾಕು, ಕಚಕ್, ಹಾಗಿರಬೇಕು ಕೆಲ್ಸ ಅಂದ್ರೆ, ಅವಳು ಆಗೆಲ್ಲ ಹಿಗ್ಗಿ ಹೀರೇಕಾಯಿ ಆಗುತ್ತಿದ್ದಳು. ಕಿಟಕಿಯಾಚೆ ಗಾಡಿ ತೊಳೆಯುತ್ತಿದ್ದಾರೆ, ಭಾನುವಾರದ ಬಿಸಿಲು, ಒದ್ದೆಯಾದ ಗಾಡಿಯ ಕೆಂಪು ಬಣ್ಣ ಥಳಥಳ — ಬೇಡ, ಆ ಕೆಂಪು ಈಗ ಬೇಡ, ಅವಳು ಮುಖ ತಿರುಗಿಸಿ ರಿಜಿಸ್ಟರಿನಲ್ಲಿ ಗೆರೆ ಎಳೆದಳು.

ಸಾಹೇಬರು, ಅಂದರೆ ಈ ಪಾಳಿಯ ಅಧಿಕಾರಿ, ಅವಳಿಗಿಂತ ಹತ್ತು ವರ್ಷ ಚಿಕ್ಕವರು, ಮೂಗಿನ ತುದಿಯಲ್ಲೇ ಕೋಪ, ಪರದೆಯ ಮೇಲಿನ ಆ ನಂಬರನ್ನು ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಂಡಿದ್ದಾರೆ. ಇನ್ನೊಂದ್ ಸಲ ಬರ್ಲಿ ಅಕ್ಕಾ, ಪೊಲೀಸ್ನೋರಿಗೆ ಕೊಟ್ಬಿಡ್ತೀನಿ, ಮನೆ ಬಾಗ್ಲಿಗೇ ಹೋಗಿ ನಾಲ್ಕು ಮಾತು ಬಿಗೀಲಿ, ಸತ್ತೋನ ಮೇಲೆ ಜೋಕಾ, ಅದೂ ಆ ಮಕ್ಕಳಿಗೋಸ್ಕರಾನೇ ಪ್ರಾಣ ಬಿಟ್ಟೋನು, ಟೋಸ್ಟ್ ಅಂತೆ, ನಾಲಗೆ ಹೆಂಗೆ ಹೊರಳುತ್ತೆ ಇವಕ್ಕೆ. ಹೌದು ಸಾರ್, ಕಲಿಸಬೇಕು ಸಾರ್, ಎಂದಿದ್ದಳು ಅವಳು, ಬಾಯಿ ತಾನಾಗಿ ಎಂದಿತ್ತು. ಹಾರನ್ ಮಾಮ ಅಂದರೆ ಶಾಲೆಯ ವ್ಯಾನಿನ ಡ್ರೈವರು, ಪ್ರತಿ ಮನೆಯ ಮುಂದೆ ಎರಡು ಗಿಡ್ಡ ಒಂದು ಉದ್ದ ಪೀಪೀ ಪೀಂ ಬಾರಿಸುತ್ತಿದ್ದವನು, ಹದಿನೈದು ದಿನದ ಹಿಂದೆ ನಡುರಸ್ತೆಯಲ್ಲಿ ವ್ಯಾನಿಗೆ ಬೆಂಕಿ ಹತ್ತಿದಾಗ ಹನ್ನೊಂದು ಮಕ್ಕಳನ್ನು ಒಬ್ಬೊಬ್ಬರಾಗಿ ಇಳಿಸಿ, ಕೊನೆಯ ಪುಟಾಣಿಯನ್ನು ಕಿಟಕಿಯಿಂದ ಆಚೆ ದೂಡಿ, ತಾನು ಒಳಗೇ ಉಳಿದವನು, ಊರೆಲ್ಲ ಅತ್ತಿತು, ಪತ್ರಿಕೆಯಲ್ಲಿ ಫೋಟೋ ಬಂತು, ಮತ್ತು ಈಗ ಆ ಮಕ್ಕಳ ಬಾಯಲ್ಲಿ ಜೋಕು. ಸಿಟ್ಟು ಬರಬೇಕಿತ್ತು ಅವಳಿಗೆ. ಬರುತ್ತಿಲ್ಲ, ಅದೇ ಸೋಜಿಗ, ಬೆಳಗಿನಿಂದ ಬಂದದ್ದು ಸಿಟ್ಟಲ್ಲ, ಕೈಕಾಲು ನಿಲ್ಲದ ಒಂದು ತವಕ, ಎದೆ ಡವಡವ, ಜಾತ್ರೆಗೆ ಹೊರಟ ಮಗುವಿನಂಥ ಡವಡವ, ಏಕೆಂದರೆ ಆ ನಗು ಅವಳಿಗೆ ಗೊತ್ತು. ಆ ಕಿಸಕಿಸ ಹೊರಗೆ ಬರುವ ನಗುವಲ್ಲ, ಉಸಿರನ್ನು ಒಳಕ್ಕೆಳೆದುಕೊಳ್ಳುವ ನಗು, ಬಿಕ್ಕಳಿಕೆಯ ಹಾಗೆ ನಡುನಡುವೆ ಸಿಕ್ಕಿಕೊಳ್ಳುತ್ತದೆ, ಸಾವಿರ ನಗುವಿನ ನಡುವೆ ಇಟ್ಟರೂ ಅವಳು ಅದನ್ನು ಗುರುತು ಹಿಡಿದಾಳು.

ಕೇಳಿದ್ದಾಳೆ, ಹದಿನೈದು ದಿನದ ಹಿಂದೆ, ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ. ಹಲೋ... ವ್ಯಾನು... ಹಿಹಿ... ಮಾಮ ಮಾಡು ಅಂದ್ರು... ಹಿಹಿಹಿ... ಇಷ್ಟು ಕೇಳಿತು, ಹಿಂದೆ ಏನೋ ಗಲಾಟೆ, ಮಕ್ಕಳ ಕಿರುಚಾಟ, ಶಾಲೆಗೆ ಹೋಗುವ ಹೊತ್ತಿನ ಕೀಟಲೆ ದಿನಾ ಇರುತ್ತದೆ, ಬೆರಳು ಹೋಯಿತು, ಕಚಕ್, ರಿಜಿಸ್ಟರಿನಲ್ಲಿ ಬರೆದಳು, ಸುಳ್ಳು ಕರೆ. ಐವತ್ತು ಸೆಕೆಂಡು ಕಳೆದು ಟೈರ್ ಅಂಗಡಿಯವನೊಬ್ಬ ಕೂಗಿದ, ವ್ಯಾನು ಹತ್ಕೊಂಡಿದೆ, ಮಕ್ಳಿದಾರೆ, ಬೇಗ ಬನ್ನಿ, ಅವಳು ಅದೇ ಉಸಿರಿನಲ್ಲಿ ಗಾಡಿ ಹೊರಡಿಸಿದಳು, ಮೈಕಿನಲ್ಲಿ ದನಿ ಸ್ವಲ್ಪವೂ ನಡುಗಲಿಲ್ಲ, ಆಮೇಲೆ ವಿಚಾರಣೆಗೆ ಬಂದವರೂ ಅದನ್ನೇ ಹೊಗಳಿದರು, ಎರಡನೇ ಕರೆಗೆ ಎಷ್ಟು ಚುರುಕು ಎಂದಲ್ಲ, ಕರೆಗೆ ಎಷ್ಟು ಚುರುಕು ಎಂದು, ಏಕೆಂದರೆ ಮೊದಲ ಕರೆಯ ಮಾತು ಯಾರೂ ಎತ್ತಲಿಲ್ಲ, ಆ ದಿನದ ಹನ್ನೊಂದು ಸುಳ್ಳು ಕರೆಗಳಲ್ಲಿ ಅದೂ ಒಂದು ಸಾಲು, ಅವಳೂ ಎತ್ತಲಿಲ್ಲ. ಬಾಯಿಗೆ ಬೀಗ. ಮನೆಗೆ ಹೋಗಿ ಗಂಡನಿಗೂ ಹೇಳಲಿಲ್ಲ, ಊಟದ ತಟ್ಟೆಯ ಮುಂದೆ ಕೂತು ಕೈ ಬಾಯಿಗೆ ಹೋಗದೆ ಕೂತಿದ್ದಳು, ಏನೇ ಮೈ ಸರಿ ಇಲ್ವಾ ಎಂದದ್ದಕ್ಕೆ ತಲೆನೋವು ಎಂದಿದ್ದಳು. ನಡುಗುವವರು ಕೂಗುತ್ತಾರೆ, ಅಳುತ್ತಾರೆ, ನಗುವುದುಂಟೆ ಯಾರಾದರೂ — ಅಯ್ಯೋ ಉಂಟು ಕಣೇ, ಉಂಟು, ನಿನಗಿಂತ ಚೆನ್ನಾಗಿ ಅದು ಯಾರಿಗೆ ಗೊತ್ತು, ಗೊತ್ತಿದ್ದೂ ಒತ್ತಿದೆಯಲ್ಲ ಗುಂಡಿ, ಅವಳು ತನ್ನನ್ನೇ ಬೈದುಕೊಳ್ಳುತ್ತಿದ್ದಳು, ಆಗ ಪರದೆ ಮಿಣುಕಿತು.

ಅದೇ ನಂಬರು. ಮೂರನೆಯ ಸಲ. ಬಾಗಿಲಲ್ಲಿ ಸಾಹೇಬರು ಟೀ ಲೋಟ ಹಿಡಿದು ನಿಂತಿದ್ದಾರೆ, ಹುಬ್ಬು ಮೇಲೆ ಹೋಯಿತು, ಅದೇನಾ ಅಕ್ಕಾ, ಎಡಗೈ ಆಗಲೇ ಜೇಬಿನ ಚೀಟಿಗೆ ಹೋಗುತ್ತಿದೆ, ಅವಳ ಬೆರಳೂ ಹೋಗುತ್ತಿದೆ, ಗುಂಡಿಯ ಕಡೆಗೆ, ಇಪ್ಪತ್ತಾರು ವರ್ಷದ ರೂಢಿ ಅದನ್ನು ದಾರಿ ತೋರಿಸಿ ಕರೆದುಕೊಂಡು ಹೋಗುತ್ತಿದೆ, ಒಂದು, ಎರಡು, ಹಲೋ, ಹಿಹಿ, ಮೂರು — ಬೆರಳು ಗಾಳಿಯಲ್ಲೇ ನಿಂತಿತು. ಹೇಳಮ್ಮ, ಏನ್ ಕೇಳಿದ್ರು, ಎಂದಳು ಅವಳು. ಏನು? ಎಂದಿತು ಪುಟ್ಟ ದನಿ. ಮೇಲೆ ಹೋದ ತಕ್ಷಣ ಹಾರನ್ ಮಾಮ ಏನ್ ಕೇಳಿದ್ರು, ಅರ್ಧ ಹೇಳಿ ಬಿಟ್ಯಲ್ಲ, ಬೆಳಗ್ಗಿಂದ ಕೂತಲ್ಲಿ ಕೂರೋಕಾಗ್ದೆ ಒದ್ದಾಡ್ತಿದೀನಿ. ನೀವು ಕಟ್ ಮಾಡಲ್ವಾ? ಇಲ್ಲ ಪುಟ್ಟಿ. ಪೊಲೀಸ್ಗೆ ಹೇಳ್ತೀರಾ? ಮೊದ್ಲು ಜೋಕ್ ಹೇಳು, ಚೆನ್ನಾಗಿದ್ರೆ ಹೇಳಲ್ಲ. ಬಹಳ ಗಂಭೀರವಾಗಿ, ಪದ್ಯ ಒಪ್ಪಿಸುವ ಹಾಗೆ — ಮೇಲೆ ಹೋದ ತಕ್ಷಣ ಹಾರನ್ ಮಾಮ, ಎ.ಸಿ. ಹಾಕಿ, ಅಂದ್ರು. ಮತ್ತು ಕತ್ತರಿಯಕ್ಕನಿಗೆ ನಗು ಬಂತು! ಬಂತು ಎಂದರೆ ತಡೆದರೆ ನಿಲ್ಲುವ ನಗುವೇ, ಹೊಟ್ಟೆಯಿಂದ ಎದ್ದು ಮೂಗಿನಲ್ಲಿ ಸುರಿದ ನಗು, ಪಕ್ಕದ ಎರಡು ಕುರ್ಚಿಯವರು ತಿರುಗಿ ನೋಡಿದರು, ಸಾಹೇಬರ ಟೀ ತುಳುಕಿತು, ಅವಳು ಬಾಯಿಗೆ ಸೆರಗು ಒತ್ತಿಕೊಂಡಳು, ದೇವರೇ, ಆ ಬಡಪಾಯಿ ಡ್ರೈವರು ಬೆವರು ಒರೆಸಿಕೊಳ್ಳುತ್ತ ಸ್ವರ್ಗದ ಬಾಗಿಲಲ್ಲಿ ನಿಂತು ಎ.ಸಿ. ಕೇಳುವುದು ಕಣ್ಣಿಗೆ ಕಟ್ಟಿದ ಹಾಗಿದೆ, ಮತ್ತು ಆಶ್ಚರ್ಯ ನೋಡು, ಹದಿನೈದು ದಿನದಿಂದ ಕಣ್ಣು ಮುಚ್ಚಿದರೆ ಸುಟ್ಟ ವ್ಯಾನಿನ ಕಪ್ಪು ಕಬ್ಬಿಣವೇ ಕಾಣುತ್ತಿತ್ತು, ಈಗ ಮೊದಲ ಸಲ ಅವನ ಮುಖ ಕಂಡಿತು, ಬೆವರಿದ ಮುಖ, ಬದುಕಿದ್ದ ಮನುಷ್ಯನ ಮುಖ. ಜೋಕು ಅವನನ್ನು ಕೊಲ್ಲಲಿಲ್ಲ, ಎಬ್ಬಿಸಿ ನಿಲ್ಲಿಸಿತು. ಇದೇ ಏನು ಇವರ ಕೆಲಸ, ಈ ಮಕ್ಕಳ ಕೆಲಸ, ಮುಟ್ಟಲಾರದ ಬಿಸಿ ಪಾತ್ರೆಯನ್ನು ಲಂಗದ ಚುಂಗಿನಿಂದ ಹಿಡಿದು ಇಳಿಸುವುದು, ಎಂದುಕೊಂಡಳು ಅವಳು, ಆದರೆ ನಿಂತು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ.

ನೀವು ನಕ್ರಿ, ಎಂದಿತು ದನಿ, ಕಳ್ಳನನ್ನು ಹಿಡಿದ ಸಂಭ್ರಮ ಅದರಲ್ಲಿ, ದೊಡ್ಡೋರು ನೀವು, ನಕ್ರಿ! ನಕ್ಕೆ ಕಣೇ, ಏನೀಗ. ನಮ್ಮಮ್ಮ ನಗಲಿಲ್ಲ, ಟೋಸ್ಟ್ ಅಂದಿದ್ದಕ್ಕೆ ಹೊಡೆದ್ರು, ಕಲ್ಲು ಕಲ್ಲು ನಿನ್ ಎದೆ ಅಂದ್ರು, ಈಗ ಸ್ನಾನಕ್ಕೆ ಹೋಗಿದಾರೆ, ಅದಕ್ಕೇ ಅವ್ರ ಫೋನಲ್ಲಿ ಮಾಡ್ತಿದೀನಿ. ಕಲ್ಲು. ಅವಳ ಎಡಗೆನ್ನೆ ಚುರ್ ಎಂದಿತು, ನಲವತ್ನಾಲ್ಕು ವರ್ಷದ ಹಿಂದಿನ ಬಿಸಿ, ದೊಡ್ಡಮ್ಮನ ಕೈ, ಅಪ್ಪ ಸತ್ತು ಮಲಗಿದಾನೆ, ಹಲ್ಲು ಕಿರೀತೀಯಾ, ನಿಂದೇನು ಎದೆಯೋ ಕಲ್ಲೋ, ಪಟಾರ್, ತುಂಬಿದ ಮನೆಯ ಎದುರು. ಅವಳಿಗೆ ಎಂಟು ವರ್ಷ. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವವನು, ಏಣಿಯಂಥ ಉದ್ದನೆಯ ಮನುಷ್ಯ, ಬರೆದು ಮುಗಿದ ಮೇಲೆ ಬೋರ್ಡಿನ ಕೆಳಮೂಲೆಯಲ್ಲಿ ಒಂದು ಕೆಂಪು ಚುಕ್ಕೆ ಇಡುತ್ತಿದ್ದ, ಅದೇ ಅವನ ರುಜು, ಚುಕ್ಕೆ ಬಿತ್ತು ಅಂದ್ರೆ ಕೆಲ್ಸ ಮುಗೀತು ಮಗಳೇ ಎನ್ನುತ್ತಿದ್ದ, ಆ ಭಾನುವಾರ ಮಧ್ಯಾಹ್ನ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದಾಗ ಅವಳೂ ತಮ್ಮನೂ ಅವನದೇ ಡಬ್ಬಿಯಿಂದ ಕುಂಚ ಎತ್ತಿ ಬಲಗಾಲ ಹೆಬ್ಬೆರಳಿನ ಉಗುರಿಗೆ ಕೆಂಪು ಬಳಿದರು, ಎದ್ದು ನೋಡಿ ಅವನು ಬಿದ್ದು ಬಿದ್ದು ನಕ್ಕ, ಅಳಿಸಲಿಲ್ಲ, ಹಾಗೇ ಕೆಲಸಕ್ಕೆ ಹೋದ, ಸೋಮವಾರ, ಮಂಗಳವಾರ, ಬುಧವಾರ ಔಷಧಿ ಅಂಗಡಿಯ ಬೋರ್ಡಿನ ಕೊನೆಯ ಅಕ್ಷರ ಬರೆಯುವಾಗ ಏಣಿ ಜಾರಿತು. ಮನೆಗೆ ತಂದು ಮಲಗಿಸಿ ಬಿಳಿ ಬಟ್ಟೆ ಹೊದಿಸಿದರು, ಅವಳು ಗೋಡೆಗೆ ಒರಗಿ ನಿಂತು ನೋಡುತ್ತಿದ್ದಾಳೆ, ಬಟ್ಟೆ ಸಾಲದೆ ಕಾಲು ಆಚೆ ಬಂದಿದೆ, ಬಿಳಿಯ ಅಂಚಿನಾಚೆ ಒಂದು ಕೆಂಪು ಉಗುರು. ತಮ್ಮನ ಕಿವಿಯಲ್ಲಿ ಅಂದಳು, ನೋಡೋ, ಚುಕ್ಕೆ ಬಿತ್ತು, ಅಪ್ಪಂದು ಮುಗೀತು. ಇಬ್ಬರಿಗೂ ನಗು ಒತ್ತರಿಸಿ ಬಂತು, ಉಸಿರು ಒಳಕ್ಕೆಳೆದುಕೊಳ್ಳುವ ನಗು, ಹಿಹಿಹಿ, ನಿಲ್ಲಿಸಲು ಹೋದಷ್ಟೂ ಹೆಚ್ಚು, ಆಗ ಬಿತ್ತು ಪೆಟ್ಟು. ಯಾಕೆ ನಕ್ಕೆ ಎಂದು ಒಬ್ಬರು ಕೇಳಿದ್ದರೆ, ಒಬ್ಬರೇ ಒಬ್ಬರು ಪಕ್ಕ ಕೂತು ಏನಮ್ಮಾ ಕಂಡಿತು ಎಂದಿದ್ದರೆ ಅವಳು ಉಗುರನ್ನು ತೋರಿಸುತ್ತಿದ್ದಳು, ಆಮೇಲೆ ಅಳು ತಾನಾಗಿ ಬರುತ್ತಿತ್ತು. ಯಾರೂ ಕೇಳಲಿಲ್ಲ, ಅವತ್ತಿನಿಂದ ಅವಳು ನಗುವವರನ್ನು ಕಂಡರೆ ಕತ್ತರಿಸುವುದು ಕಲಿತಳು.

ಆಂಟಿ, ಇದೀರಾ? ಇದೀನಿ. ಇನ್ನೂ ಐದು ಜೋಕಿದೆ. ಹೇಳು, ಎಲ್ಲಾ ಹೇಳು. ಇಲ್ಲ... ಒಂದು ಕೇಳ್ಲಾ? ದನಿ ಸಣ್ಣದಾಯಿತು, ದೂರದಲ್ಲಿ ಬಚ್ಚಲಿನ ನೀರು ಸುರಿಯುವ ಸದ್ದು, ಅವಳು ಮೈಯೆಲ್ಲ ಕಿವಿಯಾದಳು, ಸ್ಪಂಜು ಚುಚ್ಚುತ್ತಿದೆ, ಚುಚ್ಚಲಿ. ಅವತ್ತು ಬೆಳಗ್ಗೇನೂ ನಾನೇ ಫೋನ್ ಮಾಡಿದ್ದು, ಮಾಮ ಅವ್ರ ಫೋನ್ ಕೊಟ್ಟು, ಪುಟ್ಟಿ ನೀನು ಜಾಣೆ, ಇವ್ರಿಗೆ ಫೋನ್ ಮಾಡು ಅಂದ್ರು, ನಾನು ಮಾಡ್ದೆ, ನಂಗೆ ನಗು ಬಂದ್ಬಿಡ್ತು, ಯಾಕೋ ಗೊತ್ತಿಲ್ಲ ಆಂಟಿ, ಬರ್ತಾನೇ ಇತ್ತು, ನೀವು ಕಟ್ ಮಾಡಿದ್ರಿ. ನಾನು ನಕ್ಕಿದ್ದಕ್ಕೇ ಗಾಡಿ ಬರ್ಲಿಲ್ವಾ? ನಾನು ನಕ್ಕಿದ್ದಕ್ಕೇ ಮಾಮ ಸತ್ತೋದ್ರಾ? — ಅಯ್ಯೋ ನನ್ನ ಕಂದಾ, ಇದಕ್ಕಾ ಮೂರು ಸಲ ಮಾಡಿದ್ದು, ಟೋಸ್ಟು ಎ.ಸಿ. ಎಲ್ಲ ಬಾಗಿಲು ತಟ್ಟಿದ್ದು ಮಾತ್ರ, ಒಳಗೆ ಬರುವ ಮಾತು ಇದು, ಒಂಬತ್ತು ವರ್ಷದ್ದೋ ಹತ್ತು ವರ್ಷದ್ದೋ ಮಗು ಹದಿನೈದು ದಿನ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಬಂದು ಲೆಕ್ಕ ಮಾಡಿ ಊಟ ಮಾಡಿ ಮಲಗಿದೆ. ಬೆಳಕು ಹರಿದ ಹಾಗಾಯಿತು ಅವಳಿಗೆ, ಒಳಗೆ ಎಲ್ಲೋ ಕುಣಿಯುವಂಥ ಖುಷಿ, ಏಕೆಂದರೆ ಈ ಪ್ರಶ್ನೆಗೆ ಉತ್ತರ ಗೊತ್ತಿರುವ ಮನುಷ್ಯ ಪ್ರಪಂಚದಲ್ಲಿ ಒಬ್ಬಳೇ, ಅದು ತಾನು, ಮತ್ತು ಮಗು ಸರಿಯಾದ ನಂಬರಿಗೇ ಮಾಡಿದೆ. ಆದರೆ ಮೇಜಿನ ಮೂಲೆಯಲ್ಲಿ ರೆಕಾರ್ಡಿಂಗಿನ ದೀಪ, ಕೆಂಪು, ಚುಕ್ಕೆಯಷ್ಟೇ ಚಿಕ್ಕದು, ಇಲ್ಲಿ ಆಡಿದ ಪ್ರತಿ ಮಾತೂ ದಾಖಲೆ, ಹೇಳಿದರೆ ನೌಕರಿಗೆ ಸಂಚಕಾರ, ಹೇಳದಿದ್ದರೆ ಈ ಹುಡುಗಿಯೂ ನಲವತ್ನಾಲ್ಕು ವರ್ಷ ಕಲ್ಲು ಹೊತ್ತು ತಿರುಗುತ್ತಾಳೆ. ಸಾಹೇಬರು ಹತ್ತಿರ ಬಂದಿದ್ದಾರೆ, ಚೀಟಿ ಕೈಯಲ್ಲಿದೆ, ಹೆಡ್‌ಫೋನಿನಿಂದ ಸೋರುವ ಸಣ್ಣ ದನಿ ಅವರಿಗೂ ಕೇಳಿಸಿದೆ, ರೆಕಾರ್ಡ್ ಆಗ್ತಿದೆ ಅಕ್ಕಾ, ಎಂದರು ಮೆತ್ತಗೆ. ಆಗ್ಲಿ ಸಾರ್, ಎಂದಳು ಅವಳು.

ಕೇಳು ಪುಟ್ಟಿ, ಗಮನ ಇಟ್ಟು ಕೇಳು. ಅವತ್ತು ನೀನು ಮಾಡಿದ್ದು ಸರಿ, ತಪ್ಪು ನಂದು. ನೀನು ನಕ್ಕಿದ್ದು ಹೆದರಿಕೆಗೆ, ಕೆಲವ್ರಿಗೆ ಅಳು ಬರುತ್ತೆ, ಕೆಲವ್ರಿಗೆ ನಗು ಬರುತ್ತೆ, ಎರಡೂ ಒಂದೇ, ಇಪ್ಪತ್ತಾರು ವರ್ಷದಿಂದ ಈ ಕೆಲಸ ಮಾಡ್ತಿರೋ ನಂಗೆ ಅದು ತಿಳೀಬೇಕಿತ್ತು, ತಿಳಿಲಿಲ್ಲ, ಕಟ್ ಮಾಡ್ದೆ, ನಾನು. ಇನ್ನು ಲೆಕ್ಕ ಹೇಳ್ತೀನಿ, ನಿಂಗೆ ಲೆಕ್ಕ ಬರುತ್ತಾ? ಬರುತ್ತೆ. ಅವತ್ತು ನೀನು ಫೋನ್ ಮಾಡಿದ ಮೇಲೆ ಹತ್ತಿರದ ಠಾಣೆಯಿಂದ ಅಲ್ಲಿಗೆ ಗಾಡಿ ಬರೋಕೆ ಒಂಬತ್ತು ನಿಮಿಷ ಆಯ್ತು, ಅಷ್ಟು ಜೋರಾಗಿ ಬಂದ್ರೂ ಒಂಬತ್ತು. ವ್ಯಾನು ಪೂರ್ತಿ ಹತ್ಕೊಳ್ಳೋಕೆ ತಗೊಂಡಿದ್ದು ನಾಲ್ಕು ನಿಮಿಷ. ನಾನು ಕಟ್ ಮಾಡ್ದೆ ಇದ್ದಿದ್ರೆ ಆ ಒಂಬತ್ತರಲ್ಲಿ ಉಳೀತಿದ್ದಿದ್ದು ಐವತ್ತು ಸೆಕೆಂಡು. ಆ ಕಡೆ ಬೆರಳು ಮಡಿಸುತ್ತಿರಬೇಕು, ಅವಳು ಕಾಯುತ್ತಿದ್ದಾಳೆ, ಈ ಲೆಕ್ಕ ಅವಳೂ ಈ ಹದಿನೈದು ದಿನದಲ್ಲಿ ನೂರು ಸಲ ಹಾಕಿದ್ದಾಳೆ, ಪ್ರತಿ ಸಲವೂ ಉತ್ತರ ಸರಿ ಬಂದಿದೆ, ನಿದ್ದೆ ಬಂದಿಲ್ಲ. ಎಂಟು ನಿಮಿಷ ಹತ್ತು ಸೆಕೆಂಡು, ಎಂದಿತು ದನಿ. ಶಭಾಷ್. ಆದ್ರೂ ನಾಲ್ಕಕ್ಕಿಂತ ಜಾಸ್ತೀನೇ. ಜಾಸ್ತೀನೇ. ಹಾಗಾದ್ರೆ ನಾನು ನಗದೇ ಇದ್ದಿದ್ರೂ...? ನೀನು ನಗದೇ ಇದ್ದಿದ್ರೂ ಅಷ್ಟೇ ಪುಟ್ಟಿ, ಮಾಮ ನಿಮ್ಮನ್ನೆಲ್ಲ ಇಳಿಸಿದ್ದು ಆ ನಾಲ್ಕು ನಿಮಿಷದಲ್ಲಿ, ಹನ್ನೊಂದು ಜನರನ್ನ, ಒಬ್ರನ್ನೂ ಬಿಡ್ದೆ. ಹೂಂ, ಎಂದಿತು ದನಿ, ಮತ್ತೆ ಹೂಂ, ಆಮೇಲೆ ಆ ಹೂಂ ಒಡೆದು ಬಿಕ್ಕು ಬಂತು, ಹಿ, ಹಿ, ನಗುವೋ ಅಳುವೋ ತಿಳಿಯದ್ದು, ಈ ಸಲ ಉಸಿರು ಒಳಕ್ಕಲ್ಲ, ಹೊರಕ್ಕೆ ಬರುತ್ತಿದೆ, ದೊಡ್ಡದಾಗಿ, ಮೂಗು ಸುರಿಸಿಕೊಂಡು, ಅಳು ಅಳು, ಅಳ್ತಾ ಇರು, ನಾನಿಲ್ಲೇ ಇದೀನಿ, ಕಟ್ ಮಾಡಲ್ಲ. ಪಕ್ಕದ ಮೇಜಿನಲ್ಲಿ ಇನ್ನೊಂದು ಕರೆ ಬಂತು, ಸಾಹೇಬರೇ ಕುರ್ಚಿ ಎಳೆದು ಕೂತು ಎತ್ತಿಕೊಂಡರು, ಹೇಳಿ, ಎಲ್ಲಿ, ವಿಳಾಸ ಹೇಳಿ, ಚೀಟಿಯನ್ನು ಟೀ ಲೋಟದ ಕೆಳಗಿಟ್ಟಿದ್ದಾರೆ, ತುಳುಕಿದ ಟೀಯಲ್ಲಿ ನಂಬರಿನ ಶಾಯಿ ಹರಡುತ್ತಿದೆ. ರಿಜಿಸ್ಟರು ಮುಂದಿದೆ, ಕಾಲಂ ತುಂಬಬೇಕು, ಸುಳ್ಳು ಕರೆಯೋ ನಿಜ ಕರೆಯೋ, ಅವಳು ಪೆನ್ನು ಎತ್ತಿ ನಿಜ ಕರೆ ಎಂದು ಬರೆದಳು, ಆಮೇಲೆ ಹದಿನೈದು ದಿನ ಹಿಂದಕ್ಕೆ ಹಾಳೆ ತಿರುವಿ, ಎಂಟು ಹನ್ನೆರಡರ ಸಾಲಿನ ಮುಂದೆಯೂ ಅದನ್ನೇ ಬರೆದು, ಹೆಸರಿಟ್ಟು ತಾರೀಕು ಹಾಕಿದಳು, ಏನಾಗುವುದೋ ಆಗಲಿ.

ಅಮ್ಮ ಇನ್ನೂ ಬಚ್ಚಲಲ್ಲೇ ಇದಾರೆ, ಎಂದಿತು ದನಿ ಮೂಗೊರೆಸಿಕೊಂಡು, ಈಗ ನಿಮ್ ಸರದಿ, ನೀವೊಂದು ಜೋಕ್ ಹೇಳಿ. ನಾನಾ, ನಂಗೆಲ್ಲಿ ಬರುತ್ತೆ, ಎನ್ನಲು ಬಾಯಿ ತೆರೆದವಳು — ಬರುತ್ತದೆ, ಒಂದಿದೆ, ಒಂದೇ ಒಂದು, ಯಾರಿಗೂ ಹೇಳದ್ದು, ಗಂಡನಿಗಿಲ್ಲ, ಮಗನಿಗಿಲ್ಲ, ತಮ್ಮನ ಜೊತೆಗೂ ಮತ್ತೆ ಆಡದ್ದು, ಎದೆ ಮತ್ತೆ ಡವಡವ, ಎಂಟು ವರ್ಷದವಳ ಡವಡವ. ನಮ್ಮಪ್ಪ ಬೋರ್ಡ್ ಬರೀತಿದ್ರು ಪುಟ್ಟಿ, ಕೊನೇಲಿ ಕೆಂಪು ಚುಕ್ಕೆ ಇಡ್ತಿದ್ರು, ಮುಗೀತು ಅಂತ, ಅವ್ರು ಮಲಗಿದ್ದಾಗ ನಾನೂ ನನ್ ತಮ್ಮನೂ ಅವ್ರ ಕಾಲ್ ಹೆಬ್ಬೆರಳಿಗೆ ಕೆಂಪು ಬಣ್ಣ ಬಳಿದ್ವಿ, ಆಮೇಲೆ ಅವ್ರು ಸತ್ತೋದ್ರು, ಬಿಳಿ ಬಟ್ಟೆ ಹೊದಿಸಿದ್ರು, ನಮ್ಮಪ್ಪ ಎಷ್ಟು ಉದ್ದ ಅಂದ್ರೆ ಬಟ್ಟೆ ಸಾಲ್ತಿಲ್ಲ, ನಮ್ ದೊಡ್ಡಮ್ಮ ಬೆರಳು ಮುಚ್ಚೋಕೆ ಅಂತ ಕೆಳಗೆ ಎಳೀತಾರೆ, ಆ ಕಡೆ ಹಣೆ ಕಾಣುತ್ತೆ, ಅತ್ತೆ ಹಣೆ ಮುಚ್ಚೋಕೆ ಮೇಲೆ ಎಳೀತಾರೆ, ಈ ಕಡೆ ಬೆರಳು ಇಣುಕುತ್ತೆ, ಒಬ್ರು ಎಳೆಯೋದು, ಇನ್ನೊಬ್ರು ಎಳೆಯೋದು, ಇಬ್ರೂ ಅಳ್ತಾ ಅಳ್ತಾನೇ ಜಗ್ಗಾಡ್ತಿದಾರೆ, ಹಣೆ, ಬೆರಳು, ಹಣೆ, ಬೆರಳು — ಹುಡುಗಿ ನಗುತ್ತಿದ್ದಾಳೆ, ಕಿವಿ ತುಂಬ ನಗು, ಅವಳೂ ನಗುತ್ತಿದ್ದಾಳೆ, ಕನ್ನಡಕ ಮಂಜಾಗಿ ಎದುರಿನ ಗೋಡೆ ಕಾಣುತ್ತಿಲ್ಲ, ಪಕ್ಕದವರು ನೋಡುತ್ತಿದ್ದಾರೆ, ನೋಡಲಿ. ಕೊನೆಗೆ ಅಳಿಸಿದ್ರಾ? ಸೀಮೆಎಣ್ಣೆ ತಂದು ಉಜ್ಜಿದ್ರು ಪುಟ್ಟಿ, ಬೋರ್ಡಿನ ಬಣ್ಣ ಅದು, ಮಳೆ ಬಿಸಿಲಿಗೇ ಹೋಗದ್ದು, ಉಜ್ಜಿದಷ್ಟೂ ಹೊಳೀತು. ಹಾಗಾದ್ರೆ ಹಾಗೇ ಕಳ್ಸಿದ್ರಾ? ಹಾಗೇ. ಕೆಂಪಗೇನಾ? ಕೆಂಪಗೇ, ಎನ್ನಬೇಕು ಅವಳು, ಬಾಯಿ ತೆರೆದಿದೆ, ದನಿ ಬರುತ್ತಿಲ್ಲ, ಆಂಟಿ, ಆಂಟಿ ಇದೀರಾ, ಇದ್ದಾಳೆ, ಗೋಡೆಗೆ ಒರಗಿ ನಿಂತಿದ್ದಾಳೆ, ಕೆನ್ನೆಗೆ ಪೆಟ್ಟು ಇನ್ನೂ ಬಿದ್ದಿಲ್ಲ, ತಮ್ಮನ ಭುಜ ಬೆಚ್ಚಗೆ ತಾಗುತ್ತಿದೆ, ಬಿಳಿ ಬಟ್ಟೆ, ಬಟ್ಟೆಯ ಅಂಚು, ಅಂಚಿನಾಚೆ ಅಪ್ಪನ ಹೆಬ್ಬೆರಳು, ಅದರ ತುದಿಗೆ, ಈಗ ತಾನೇ ಬಳಿದ ಹಾಗೆ, ಕೆಂಪು ಉಗುರು